ಆರು ಮಿಲಿಮೀಟರ್

ತಗೋ ಮಿಂಝಾ, ಈ ಉಕ್ಕಿನ ಪಟ್ಟಿ ಇನ್ನು ನಿನ್ನದು.
ಸೊನ್ನೆ ಸವೆದು ಹೋಗಿದೆ;
ಹತ್ತರಿಂದ ಅಳೆದು ಹತ್ತು ಕಳೆಯುತ್ತೇನೆ ನಾನು,
ನಿನಗೂ ರೂಢಿಯಾಗುತ್ತದೆ.

ಬೆಳಿಗ್ಗೆ ಏಳಕ್ಕೆ ಬಾ, ಸರೋವರದ ನುಸಿ
ಹೊಗೆಯಂತೆ ಎದ್ದು ಕಿಟಕಿಗೆ ಮುತ್ತುವ ಮುನ್ನ.
ತಟ್ಟೆಯನ್ನು ಬೋರಲು ಹಿಡಿ, ಅಡಿಯಲ್ಲಿ ಕಪ್ಪು ಬಟ್ಟೆ,
ಬೆಳಕು ಓರೆಯಾಗಿ ಬೀಳಲಿ.
ಮದ್ದಿನ ಬಿಳಿ ಬಿಲ್ಲೆಯ ಸುತ್ತ
ಏನೂ ಬೆಳೆಯದ ಬಯಲೊಂದು ಕಾಣುತ್ತದಲ್ಲ,
ಚಂದ್ರನ ಸುತ್ತ ಬಳೆ ಕಟ್ಟಿದ ಹಾಗೆ,
ಅದರ ಅಗಲವೇ ನಮ್ಮ ಸುದ್ದಿ.

ನಾನು ಮ್ವಾನ್ಝಾಕ್ಕೆ ಬಂದ ವರ್ಷ ಇಪ್ಪತ್ತೇಳು.
ಮಗ ಹುಟ್ಟಿದ ವರ್ಷ ಇಪ್ಪತ್ತನಾಲ್ಕು.
ಅವನು ಶಾಲೆಗೆ ಹೋಗುವಾಗ ಇಪ್ಪತ್ತೊಂದು,
ಅಮ್ಮ ತೀರಿಕೊಂಡ ತಿಂಗಳು ಹದಿನೈದು.
ಕೇಳಿದವರು ಇವಳಿಗೆ ವಯಸ್ಸು ಇಳಿಯುತ್ತಿದೆ ಅಂದುಕೊಂಡಾರು.

ಅವಕ್ಕೆ ನಮ್ಮ ಮೇಲೆ ಹಗೆಯೇನಿಲ್ಲ.
ಒಂದು ಕಲಿತದ್ದನ್ನು ಇನ್ನೊಂದಕ್ಕೆ ದಾಟಿಸುತ್ತದೆ,
ಒಲೆ ಆರಿದ ನೆರೆಮನೆಗೆ ಕೆಂಡ ಕೊಟ್ಟ ಹಾಗೆ.
ಊರೆಲ್ಲ ಒಲೆ ಹತ್ತಲು ಎಷ್ಟು ಹೊತ್ತು?
ಸಂತೆಯ ಮದ್ದಿನಂಗಡಿಯಲ್ಲಿ ಕ್ಯಾಪ್ಸೂಲು ಬಿಡಿಬಿಡಿ ಮಾರುತ್ತಾರೆ,
ಎರಡು ಕೆಮ್ಮಿಗೆ, ಎರಡು ಹೊಟ್ಟೆನೋವಿಗೆ,
ಕೋಳಿಗಳಿಗೆ ನೀರಿನಲ್ಲಿ ಒಂದು ಚಮಚ.
ಬಯ್ಯಲು ಹೋಗಿದ್ದೆ ಒಮ್ಮೆ;
ಅಂಗಡಿಯವಳು ಸ್ಟೂಲು ಕೊಟ್ಟು ಕೂರಿಸಿ ಕೇಳಿದಳು:
ಐದು ದಿನದ್ದು ಕೊಳ್ಳಲು ದುಡ್ಡು ಯಾರ ಹತ್ತಿರ ಇದೆ, ಡಾಕ್ಟರಮ್ಮಾ?

ದೂರದ ತಂಪು ಊರಿನಲ್ಲಿ ಒಂದು ಸಭೆ.
ಹದಿನಾಲ್ಕು ವರ್ಷವನ್ನು ಹನ್ನೆರಡು ನಿಮಿಷಕ್ಕೆ ಮಡಿಸಿ ಹೇಳಿದೆ.
ಮುಂದಿನ ಸಾಲಿನವನು ಕೈಯೆತ್ತಿದ:
ನಿಮ್ಮ ಬಿಲ್ಲೆಗಳ ಅವಧಿ ಮುಗಿದಿರಬಹುದೇ?
ಪಳಗಿದ ತಳಿಯೊಂದನ್ನು ದಿನವೂ ಪಕ್ಕದಲ್ಲೇ ಬೆಳೆಸುತ್ತೇವೆ ಸ್ವಾಮಿ,
ಅದು ಇವತ್ತಿಗೂ ಮೂವತ್ತೊಂದು, ಎಂದೆ.
ಅವನು ತಲೆಯಾಡಿಸಿ ಚಹಾಕ್ಕೆ ಎದ್ದ.

ಹಿತ್ತಿಲಿನ ಕುರಿಯ ಹೆಸರು ಷಂಗಾಝಿ, ಎಂದರೆ ಸೋದರತ್ತೆ.
ತಿಂಗಳಿಗೊಮ್ಮೆ ಅವಳ ಕತ್ತಿನಿಂದ ಒಂದಿಷ್ಟು ರಕ್ತ,
ಅದೇ ಕೆಂಪು ತಟ್ಟೆಗಳಿಗೆ ಊಟ.
ಸೂಜಿಗಿಂತ ಮೊದಲು ಉಪ್ಪು ನೆಕ್ಕಿಸಬೇಕು, ಇಲ್ಲವಾದರೆ ಗುಮ್ಮುತ್ತಾಳೆ.
ರಕ್ತ ಬೆರೆಸುವ ಮುನ್ನ ಫ್ಲಾಸ್ಕನ್ನು ಕೆನ್ನೆಗೆ ತಾಗಿಸಿ ನೋಡು;
ಜ್ವರದ ಮಗುವಿಗಿಂತ ಸ್ವಲ್ಪ ಹೆಚ್ಚು ಬಿಸಿ,
ತಡೆಯಲಾರದಷ್ಟಲ್ಲ.
ಥರ್ಮಾಮೀಟರು ಇದೆ, ಗೊತ್ತು. ಆದರೂ ಕೆನ್ನೆ.

ಇದು ಫ್ರೀಜರಿನ ಕೀಲಿ.
ಮೈನಸ್ ಎಂಬತ್ತು. ಕರೆಂಟು ಹೋದರೆ ಮೊದಲು ಇಲ್ಲಿಗೆ ಓಡು,
ಮನೆಗಲ್ಲ.
ನಾಲ್ಕನೆಯ ಅರೆಯಲ್ಲಿ ಹಸುಗೂಸುಗಳ ವಾರ್ಡಿನವು.
ಹೆಸರಿಲ್ಲ, ನಂಬರು ಮತ್ತು ತಾರೀಖು.

ಒಂದು ಮಧ್ಯಾಹ್ನ ಒಬ್ಬಳು ಬಂದಿದ್ದಳು,
ಒಣಮೀನಿನ ಬುಟ್ಟಿಯನ್ನು ಹೊರಗಿಟ್ಟು, ಚಪ್ಪಲಿ ಬಿಟ್ಟು.
ಹನ್ನೊಂದು ದಿನ ಬದುಕಿತ್ತಂತೆ.
ಹೂತದ್ದು ಗಂಡನ ಊರಿನಲ್ಲಿ, ಫೋಟೋ ತೆಗೆಸಿರಲಿಲ್ಲ.
ಯಾರೋ ಹೇಳಿದ್ದರಂತೆ,
ಆಸ್ಪತ್ರೆಯವರು ರಕ್ತ ತೆಗೆದು ಇಟ್ಟುಕೊಳ್ಳುತ್ತಾರೆ ಎಂದು.
ನನ್ನ ಮಗುವಿನದು ಏನಾದರೂ ಉಳಿದಿದೆಯಾ ನಿಮ್ಮ ಹತ್ತಿರ?

ಇಲ್ಲ ಎಂದೆ.
ಇತ್ತು.
ಮಗುವನ್ನು ಕೊಂದದ್ದು ಇತ್ತು, ಜೀವಂತ,
ಕಿರುಬೆರಳಷ್ಟು ಶೀಶೆಯಲ್ಲಿ, ನೂರು ವರ್ಷ ಬಾಳುವ ಹಾಗೆ.
ಅವಳು ಹೋದ ಮೇಲೆ ಪುಸ್ತಕ ತೆರೆದು ನೋಡಿದೆ,
ನನ್ನದೇ ಅಕ್ಷರ.
ರಿಪೋರ್ಟು ವಾರ್ಡಿಗೆ ಹೋದದ್ದು ಹನ್ನೆರಡನೆಯ ದಿನ.

ಈಗ ಬಹುಪಾಲು ಆರು.
ಆರು ಎಂದರೆ ಬಿಲ್ಲೆಯದ್ದೇ ಅಗಲ,
ಅದರ ಅಂಚಿನವರೆಗೂ ಬೆಳೆದು ನಿಂತಿವೆ.
ಬೇಸರಕ್ಕೆ ಸೊನ್ನೆ ಎಂದು ಬರೆಯಬೇಡ,
ಅಳೆದು ಆರು ಎಂದು ಬರೆ.
ಕೆಲವು ದಿನ ಒಂಬತ್ತು ಸಿಗುತ್ತದೆ, ಹನ್ನೊಂದೂ ಸಿಕ್ಕಿದ್ದುಂಟು;
ಹಿಗ್ಗಬೇಡ, ಪಕ್ಕದ ತಟ್ಟೆಯಲ್ಲಿ ಮತ್ತೊಮ್ಮೆ ಬಿತ್ತಿ ನೋಡು.
ಮತ್ತೆ, ಫೋನು.
ರಿಪೋರ್ಟು ಟೈಪಾಗಲೆಂದು ಕಾಯಬೇಡ, ವಾರ್ಡಿಗೆ ಫೋನು ಮಾಡು.
ಎತ್ತದಿದ್ದರೆ ಮೆಟ್ಟಿಲು ಹತ್ತು.

ಅಗೋ, ಷಂಗಾಝಿ ಅರಚುತ್ತಿದ್ದಾಳೆ.
ಲುಹೆಂದೆ ಇವತ್ತೂ ಉಪ್ಪು ಮರೆತ.